ತಡವಾದರೂ ತಪ್ಪಿಲ್ಲದ ಇಂಗ್ಲಿಷ್

ಜನರಿಗೆ ಏನಾದರೂ ಕಲಿಸಿದರೆ ಅದನ್ನು ಮೊದಲು ನನ್ನ ಮೇಲೆಯೇ ಪ್ರಯೋಗಿಸುತ್ತಾರೆ. ಮಾರೇನಹಳ್ಳಿಯ ಬೇಕರಿಯೊಂದರ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುವ ನನಗೆ ಇದು ಆಗಾಗ ಆಗುತ್ತದೆ.

೧. ಬೆಡ್‌ಶೀಟು

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರು ಬಡಗಿ. ಮಳೆಗೆ ಉಬ್ಬಿದ್ದ ನಮ್ಮ ಬಚ್ಚಲ ಬಾಗಿಲನ್ನು, "ಬುಡ ಸವೆಸಿ ನಾಳೆ ತರ್ತೀನಿ ಸಾರ್" ಎಂದು ಬಿಚ್ಚಿಕೊಂಡು ಹೋಗಿ ಮೂರು ವಾರವಾಗಿತ್ತು. ಅಲ್ಲಿ ಬೆಡ್‌ಶೀಟು ತೂಗುಬಿಟ್ಟಿದ್ದೆವು. ಒಳಗಿದ್ದವರು ಕೆಮ್ಮುತ್ತಲೇ ಇರಬೇಕು. ನೆಗಡಿಯಿಲ್ಲದ ಮನೆಯಲ್ಲಿ ನಾನು, ಹೆಂಡತಿ, ಮಗಳು ಮೂವರೂ ಬೆಳಗ್ಗೆಯಿಂದ ಕೆಮ್ಮುತ್ತಿದ್ದೆವು.

ಮುಂದಿನ ಭಾನುವಾರ ಮಂಡ್ಯದಿಂದ ಮಾವ ಬರುವವರಿದ್ದರು. ಮದುವೆಯಾದ ಹನ್ನೆರಡು ವರ್ಷಕ್ಕೆ ಮೊದಲ ಸಲ. ಅಳಿಯನಿಗೆ ಸಂಸಾರ ನಡೆಸಲು ಬರುತ್ತದೋ ಇಲ್ಲವೋ ನೋಡಲು.

೨. ದಾರಿಯಲ್ಲಿ

ಆ ವಾರದ ಪಾಠ, ತಡವಾದಾಗ ಏನು ಹೇಳಬೇಕು ಎಂಬುದು. ಬಡಗಿಗೆ ನಾಟಲಿ ಎಂದೇ ಆರಿಸಿದ್ದೆ.

"ಮನೆ ಬಿಟ್ಟ ಮೇಲಷ್ಟೇ ಆನ್ ದ ವೇ ಅನ್ನಬೇಕು" ಎಂದೆ.

ಡೆಲಿವರಿ ಕೆಲಸದ ಒಬ್ಬ ಕೈಯೆತ್ತಿದ. "ಮನೇಲೇ ಇದ್ರೆ ಏನ್ ಹೇಳೋದು ಸಾರ್?"

"ಐ ಹ್ಯಾವ್ ನಾಟ್ ಲೆಫ್ಟ್ ಯೆಟ್."

"ಏನ್ ಸಾರ್ ನೀವು, ನಾವು ಇಂಗ್ಲಿಷ್ ಕಲಿಯೋಕೆ ಬಂದ್ರೆ ಸತ್ಯ ಹೇಳೋಕೆ ಕಲಿಸ್ತಿದೀರಲ್ಲ!"

೩. ನಾಚಿಕೆ

ಮೊದಲೆಲ್ಲ ಬಡಗಿ ಸುಳ್ಳು ಹೇಳುವಾಗ ನಾಚಿಕೆಯಿಂದ ತೊದಲುತ್ತಿದ್ದರು. ಬೈಯಲು ಒಂದು ಸಂದು ಸಿಗುತ್ತಿತ್ತು. ಪಾಠದ ಮರುದಿನ ಅವರೇ ಫೋನ್ ಮಾಡಿದರು. "ಗುಡ್ ಮಾರ್ನಿಂಗ್ ಸಾರ್. ಐ ಆ್ಯಮ್ ರನ್ನಿಂಗ್ ಎ ಲಿಟಲ್ ಲೇಟ್. ಸಾರಿ ಟು ಕೀಪ್ ಯು ವೇಟಿಂಗ್." ಕೊನೆಗೆ ಕನ್ನಡದಲ್ಲಿ, "ಸರಿ ಇದೆಯಾ ಸಾರ್?"

ಸರಿಯೇ ಇತ್ತು. "ವೆರಿ ಗುಡ್" ಎಂದೆ.

ಅಡುಗೆಮನೆಯಿಂದ ಹೆಂಡತಿ ಕೇಳಿದಳು, "ಏನಂತೆ? ಬಾಗಿಲು ತರ್ತಾರಂತಾ?"

"ಇಲ್ಲ, ಚೆನ್ನಾಗಿ ಕಲೀತಿದಾರೆ."

ಅವಳು ಒಲೆ ಆರಿಸಿ, ಜೋರಾಗಿ ಕೆಮ್ಮುತ್ತಾ ಬಚ್ಚಲಿಗೆ ಹೋದಳು.

೪. ಭಾನುವಾರ

ಮಾವ ಬಂದರು. ಬೆಡ್‌ಶೀಟನ್ನು ನೋಡಿದರು, ನನ್ನನ್ನು ನೋಡಿದರು, ಸ್ನಾನಕ್ಕೆ ಹೋದರು. ಕೆಮ್ಮುವ ನಿಯಮವನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನಮ್ಮ ಬಡಗಿ ಫೋನ್ ಮಾಡಿದರೆ ಬರುವುದಿಲ್ಲ, ಬರುವ ದಿನ ಫೋನ್ ಮಾಡುವುದಿಲ್ಲ. ಅದೇ ಹೊತ್ತಿಗೆ ಬಾಗಿಲು ಹೊತ್ತು ಒಳನುಗ್ಗಿದರು. ನಾನು "ಅಯ್ಯೋ, ನಿಲ್ಲಿ!" ಎನ್ನುವಷ್ಟರಲ್ಲಿ ಒಂದೇ ಎಳೆತಕ್ಕೆ ಬೆಡ್‌ಶೀಟು ಕಿತ್ತು ಹೆಗಲಿಗೆ ಹಾಕಿಕೊಂಡಿದ್ದರು.

ಒಳಗೆ ಮೈತುಂಬ ಸೋಪಿನ ನೊರೆಯಲ್ಲಿ ಮಾವ, ಕೈಯಲ್ಲಿ ಚೊಂಬು.

ಬಡಗಿ ಗಾಬರಿಯಾಗಲಿಲ್ಲ. ಬಾಗಿಲನ್ನು ಗೋಡೆಗೆ ಒರಗಿಸಿ, ಕೈಕಟ್ಟಿ, ವಿನಯದಿಂದ ಹೇಳಿದರು:

"ಟೇಕ್ ಯುವರ್ ಟೈಮ್, ಸಾರ್. ಐ ಡೋಂಟ್ ಮೈಂಡ್ ವೇಟಿಂಗ್."

ವಾಕ್ಯದಲ್ಲಿ ಎಷ್ಟು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಮಾವ ನೊರೆಯನ್ನೂ ತೊಳೆಯದೆ ಹೊರಬಂದು, ಟವಲು ಸುತ್ತಿಕೊಂಡೇ ಬ್ಯಾಗು ತುಂಬಿಕೊಳ್ಳತೊಡಗಿದರು.