ಮಧ್ಯಾಹ್ನದ ಗಂಟೆಗೆ ಅನುಮತಿ ಇಲ್ಲ

ಇಗರ್ಜಿಯ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಫೈಲುಗಳನ್ನು ಓರಣ ಮಾಡಲು ಹೋಗಿ, ಗಂಟೆ ನೋಡಿಕೊಳ್ಳುವ ಹುಡುಗ ನಿಕ್ಷಾ ತನ್ನ ನೆಮ್ಮದಿಗೆ ತಾನೇ ಕಲ್ಲು ಹಾಕಿಕೊಂಡ. ಗೋಪುರದ ಕಂಚಿನ ಗಂಟೆ ಬಿರುಕುಬಿಟ್ಟ ಮೇಲೆ ಆ ಪುಟ್ಟ ದ್ವೀಪಕ್ಕೆ ಗಂಟೆ ಹೊಡೆಯುತ್ತಿದ್ದುದು ಆ ಲಿನಕ್ಸ್ ಕಂಪ್ಯೂಟರ್ ಡಬ್ಬಿಯೇ. ಮಧ್ಯಾಹ್ನವಾದರೆ ಅದು ತಾನಾಗಿ ಗಂಟೆಯ ಫೈಲು ತೆರೆಯುತ್ತಿತ್ತು, ಗೋಪುರದ ಧ್ವನಿವರ್ಧಕ ಮೊಳಗುತ್ತಿತ್ತು. ಓರಣ ಮಾಡಿದ ಮರುದಿನ ಮಧ್ಯಾಹ್ನ ಬಂತು, ಗಂಟೆ ಬರಲಿಲ್ಲ.

ಅದರ ಮರುದಿನವೇ ಬಿಷಪ್ಪರು ಬರುವುದಿತ್ತು.

“ಮಧ್ಯಾಹ್ನದ ಹಡಗಿಗೆ ಬರ್ತಾರೆ ಕಣೋ,” ಎಂದರು ಪಾದ್ರಿ ದೊನ್ ಕುಜ್ಮ, ಆ ದಿನ ಬೆಳಿಗ್ಗೆಯೇ ನಿಕ್ಷಾನ ಕೊರಳಪಟ್ಟಿ ಹಿಡಿದು. “ಗಂಟೆ ಹೊಡೆದ ಕೂಡ್ಲೇ ಎಲ್ರೂ ಬಂದರಿಗೆ ಇಳೀಬೇಕು ಅಂತ ಸಾರಿದೀನಿ. ಹೊಡೀಲಿಲ್ವೋ, ಹಗ್ಗದ ಜಾಗದಲ್ಲಿ ನಿನ್ನನ್ನೇ ಕಟ್ಟಿ ಎಳೀತೀನಿ!”

ನಿಕ್ಷಾ ಸ್ವಭಾವತಃ ಪುಕ್ಕಲ. ಕೂಡಲೇ ಗಂಟೆ ಹೊಡೆಯುವ ಆದೇಶವನ್ನು ಕಂಪ್ಯೂಟರಿಗೆ ತಾನೇ ಕೊಟ್ಟು ನೋಡಿದ. ಢಣ್! ಢಣ್! ಗೋಪುರ ಅದುರಿತು.

ಆ ದ್ವೀಪದಲ್ಲಿ ಗಡಿಯಾರ ನೋಡುವವರು ಪ್ರವಾಸಿಗಳು ಮಾತ್ರ. ಊರಿಗೆ ಊರೇ ಭಾನುವಾರದ ಬಟ್ಟೆ ತೊಟ್ಟು, ವಾದ್ಯದವರನ್ನು ಮುಂದಿಟ್ಟುಕೊಂಡು, ಗುಡ್ಡದಾಚೆಯ ಬಂದರಿಗೆ ಓಡಿತು. ಅಲ್ಲಿ ಕಂಡದ್ದು ಬರೀ ಸಮುದ್ರ.

ಬೆವರಿಳಿಸುತ್ತಾ ಇಗರ್ಜಿಗೆ ಮೊದಲು ನುಗ್ಗಿದವಳು ಪಕ್ಕದ ಮನೆಯ ಶೊರಾ ಪೆರಿನಾ. “ನಿನ್ ಮುಖಕ್ಕಿಷ್ಟು! ಒಲೆ ಮೇಲೆ ಮೀನು ಬಿಟ್ಟು ಓಡಿದ್ನಲ್ಲೋ, ಈಗ ನೋಡು, ಇದ್ದಿಲು!”

“ತಾಯೀ, ನಾನು ಹೊಡೆದ್ರೆ ಹೊಡೆಯುತ್ತೆ. ತಾನಾಗೇ ಹೊಡೆಯಲ್ಲ.”

“ಒದಿ ಅದನ್ನ,” ಎಂದ ಹಿಂದೆಯೇ ಬಂದ ಮೀನುಗಾರ ತೋಮೆ. “ನನ್ನ ದೋಣಿ ಇಂಜಿನ್ನೂ ಹಂಗೇ ಶುರುವಾಗೋದು.”

ತಾನಾಡಿದ ಮಾತಿನಿಂದಲೇ ನಿಕ್ಷಾನಿಗೆ ಆಗ ಹೊಳೆಯಿತು. ಓರಣ ಮಾಡುವಾಗ ಗಂಟೆಯ ಫೈಲು ಅವನ ಹೆಸರಿಗೆ ಬಂದಿತ್ತು. ಮಧ್ಯಾಹ್ನ ತಾನಾಗಿ ಗಂಟೆ ಹೊಡೆಯುವುದು ಕಂಪ್ಯೂಟರಿನೊಳಗಿನ ಬೇರೊಂದು ಖಾತೆ, ಅದಕ್ಕೆ ಆ ಫೈಲನ್ನು ಮುಟ್ಟುವ ಹಕ್ಕೇ ಇರಲಿಲ್ಲ. ನಿಕ್ಷಾ ಫೈಲಿಗೆ ಅನುಮತಿ ಕೊಟ್ಟ. ಸ್ವಲ್ಪ ಹೊತ್ತಿಗೆ ತಾನಾಗಿ ಹೊಡೆಯುವಂತೆ ಸಮಯ ಗೊತ್ತುಮಾಡಿ ಕಾದ. ಸದ್ದಿಲ್ಲ. ಫೈಲೇನಾದರೂ ಕೆಟ್ಟಿತೇ ಎಂಬ ದಿಗಿಲಿಗೆ ತಾನೇ ಇನ್ನೊಮ್ಮೆ ಬಾರಿಸಿ ನೋಡಿದ. ಢಣ್! ಢಣ್!

ಈ ಸಲ ಅರ್ಧ ಊರು ಓಡಿತು. ವಾಪಸು ಬಂದವರ ಬೈಗುಳ ಗೋಪುರಕ್ಕಿಂತ ಎತ್ತರಕ್ಕೆ ಹೋಯಿತು. ವಾದ್ಯದ ತುತ್ತೂರಿಯವನು ತುತ್ತೂರಿಯನ್ನೇ ಎತ್ತಿಕೊಂಡು ಹೊಡೆಯಲು ಬಂದ. ನಿಕ್ಷಾ ಒಳಗಿನಿಂದ ಚಿಲಕ ಹಾಕಿ, ಮೇಜಿನ ಕೆಳಗೆ ಕೂತೇ ಕೀಲಿಮಣೆ ಒತ್ತಿದ. ಕೊನೆಗೆ ಸಿಕ್ಕಿತು: ಫೈಲಿಗೇನೋ ಅನುಮತಿ ಇದೆ, ಅದಿರುವ ಫೋಲ್ಡರಿಗೆ ಇಲ್ಲ! ಕೋಣೆಯ ಕೀಲಿ ಕೊಟ್ಟು ಹೆಬ್ಬಾಗಿಲಿಗೆ ಬೀಗ ಜಡಿದ ಹಾಗೆ. ಅದನ್ನೂ ತೆರೆದ.

ಮಧ್ಯಾಹ್ನವಾಯಿತು. ಯಾರೂ ಮುಟ್ಟದೆ, ತಾನಾಗಿ, ಗಂಟೆ ಭರ್ಜರಿಯಾಗಿ ಮೊಳಗಿತು. ನಿಕ್ಷಾನ ಕಣ್ಣಲ್ಲಿ ನೀರು ಬಂತು.

ಊರಿನಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ.

“ಮತ್ತೆ ಶುರುಮಾಡ್ದ ಮುಟ್ಠಾಳ,” ಎಂದು ದೊನ್ ಕುಜ್ಮ ಬನಿಯನ್ನಿನಲ್ಲೇ ಮಗ್ಗುಲು ಬದಲಿಸಿದರು.

ಬಹಳ ಹೊತ್ತಿನ ಮೇಲೆ ಇಗರ್ಜಿಯ ಬಾಗಿಲು ಬಡಿದ ಸದ್ದಾಯಿತು. ಗುಡ್ಡ ಹತ್ತಿ ಕೆಂಪಾದ ಬಿಷಪ್ಪರು ತಮ್ಮ ಪೆಟ್ಟಿಗೆಯನ್ನು ತಾವೇ ಹೊತ್ತು ನಿಂತಿದ್ದರು. ಹಿಂದೆಯೇ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತಾ ದೊನ್ ಕುಜ್ಮ ಓಡಿಬಂದರು.

“ಈ ಗಂಟೆ ಬಾರಿಸಿದ್ದು ಯಾರು?” ಎಂದರು ಬಿಷಪ್ಪರು.

ನಿಕ್ಷಾ ಕಣ್ಣು ಮುಚ್ಚಿದ. “ಅ... ಅದು ತಾನಾಗೇ ಹೊಡೀತು ಸ್ವಾಮಿ.”

“ತಾನಾಗೇ?” ಬಿಷಪ್ಪರ ಮುಖ ಅರಳಿತು. “ನಮ್ಮ ಕಥೀಡ್ರಲ್‌ನಲ್ಲೂ ಇಂಥದ್ದೇ ಕಂಪ್ಯೂಟರು. ಈಸ್ಟರಿನಿಂದ ಬಾಯೇ ಬಿಟ್ಟಿಲ್ಲ. ಇವನನ್ನ ನನ್ನ ಜೊತೆ ಕಳಿಸಿ. ಅಲ್ಲಿ ಹೊಡೆದ್ರೆ ಇಡೀ ಪಟ್ಟಣ ಬೀದಿಗಿಳಿಯುತ್ತೆ!”

“ಬೇಡ ಸ್ವಾಮಿ, ಇಡೀ ಪಟ್ಟಣ ಬೇಡ...” ನಿಕ್ಷಾ ಮತ್ತೆ ಮೇಜಿನತ್ತ ಸರಿದ.

“ಸಂಜೆ ಹಡಗಿಗೇ ಕರ್ಕೊಂಡು ಹೋಗಿ,” ಎಂದರು ದೊನ್ ಕುಜ್ಮ, ಉಸಿರು ಕೂಡ ತೆಗೆದುಕೊಳ್ಳದೆ.

ಸಂಜೆ ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆ ಊರೇ ಭಾನುವಾರದ ಬಟ್ಟೆಯಲ್ಲಿ ಬಂದಿತ್ತು, ವಾದ್ಯದವರು ಉಸಿರು ಕಟ್ಟಿ ಊದುತ್ತಿದ್ದರು. ನಿಕ್ಷಾ ಹಡಗಿನ ಕಂಬಿ ಅಪ್ಪಿಕೊಂಡು ನಿಂತಿದ್ದ. ಪಕ್ಕದಲ್ಲಿ ಬಿಷಪ್ಪರು, ಇದೆಲ್ಲ ತಮಗಾಗಿಯೇ ಎಂದುಕೊಂಡು, ದಡ ಮರೆಯಾಗುವವರೆಗೂ ಕೈಬೀಸಿದರು.