ದೊರೆಯವರನ್ನು ಬಾಲ್ಯದ ಹೆಸರಿನಿಂದ ಕೂಗುವ ಕುರಿತು

ಇವಾನೊ ಕೋಟೆ, ಒಳಾಡಳಿತ ಕಚೇರಿ
ಸಂಖ್ಯೆ: ಇಕೋ/ಒಳಾ/ಹೆಸರು/ಕುದುರೆ ವರ್ಷ
ದಿನಾಂಕ: ಮೂರನೆಯ ತಿಂಗಳು, ಚೆರ್ರಿ ಹೂ ಉದುರಿದ ಮಾರನೆಯ ದಿನ

ಸುತ್ತೋಲೆ

ವಿಷಯ: ಮಾತೃಶ್ರೀ ಓಫುಜಿಯವರು ದೊರೆಯವರನ್ನು 'ಸುತೆಮಾರು' ಎಂದು ಕೂಗುವುದರ ಮೇಲಿದ್ದ ನಿಷೇಧವನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: 1. ಇದೇ ಕಚೇರಿಯ ನಿಷೇಧಾಜ್ಞೆ.
2. ಬಾವಿಕಟ್ಟೆಯ ಬಳಿ ಮಾತೃಶ್ರೀಯವರು ನೀಡಿದ ಮೌಖಿಕ ಹೇಳಿಕೆ.

ಪ್ರಸ್ತಾವನೆ:

ಎರವಲು ಈಟಿ ಹಿಡಿದ ಕಾಲಾಳಾಗಿ ಸೇವೆಗೆ ಸೇರಿ, ಇಂದು ಮೂರು ಸೀಮೆಗಳನ್ನು ಆಳುತ್ತಿರುವ ದೊರೆ ಕಂಜಾಕ ತದಾತೆರು ಅವರು ಪ್ರತಿ ಗೆಲುವಿಗೂ ಹೊಸ ಹೆಸರು ಧರಿಸುತ್ತ ಬಂದಿರುವುದು ಸರಿಯಷ್ಟೆ. ದೊರೆಯವರ ಪ್ರಭಾವ ಎಷ್ಟೆಂದರೆ, ಅವರು ಯೋಚಿಸುವಾಗ ಎಡಗಿವಿ ಕೆರೆದುಕೊಳ್ಳುವುದರಿಂದ ಸಭೆಯಲ್ಲಿ ಯೋಚನೆ ಮಾಡದವರೂ ಎಡಗಿವಿ ಕೆರೆದುಕೊಳ್ಳುತ್ತಿದ್ದಾರೆ.

ಹೀಗಿರುವಲ್ಲಿ, ಉತ್ತರ ಸೀಮೆಯ ದೂತರು ಒಪ್ಪಂದ ಓದುತ್ತಿದ್ದಾಗ ಅಡುಗೆಮನೆಯ ಕಡೆಯಿಂದ "ಸುತೇ, ಬಾರೋ, ಗಂಜಿ ಆರ್ತಾ ಇದೆ" ಎಂಬ ಕೂಗು ಕೇಳಿಬಂದಿತು. ದೊರೆಯವರು "ಬಂದೆ ಕಣಮ್ಮಾ" ಎಂದು ಎದ್ದು ಹೊರಟರು. ದೂತರು ನಕ್ಕರು. ಒಪ್ಪಂದ ಮುರಿದುಬಿತ್ತು. ಆದಕಾರಣ ಮುಖ್ಯ ಉಸ್ತುವಾರಿ ಮಿಯಾಸೆ ನೊಬುಹಾರು ಅವರು ಕೋಟೆಯ ಮರ್ಯಾದೆ ಕಾಪಾಡಲು ಆ ಹೆಸರನ್ನು ನಿಷೇಧಿಸಿದರು.

ಮಾತೃಶ್ರೀಯವರು ಮರುಮಾತಾಡದೆ ಪಾಲಿಸಿದರು. ಅಂದಿನಿಂದ ದೊರೆಯವರು ಸಂಜೆ ಗಂಜಿ ಮುಟ್ಟಿಲ್ಲ. ಈಗ ಉತ್ತರದ ಮೇಲೆ ದಂಡು ಹೊರಡುವ ದಿನ ಗೊತ್ತಾದ ಮೇಲೆ, ಮಾತೃಶ್ರೀಯವರು ಉಸ್ತುವಾರಿಗಳನ್ನು ಬಾವಿಕಟ್ಟೆಯ ಬಳಿ ತಡೆದು ಹೀಗೆ ಹೇಳಿರುತ್ತಾರೆ:

"ನೀವು ಓದಿದೋರು ಸ್ವಾಮಿ, ನಿಮಗೆ ಗೊತ್ತಿರಬೇಕಿತ್ತು. ಹಿಂದೆ ಹುಟ್ಟಿದ್ದೆಲ್ಲ ಕೈಲಿ ನಿಲ್ಲಲಿಲ್ಲ ಅಂತ, ಇವನನ್ನ ದಾರಿ ಪಕ್ಕ ಬಿಸಾಕಿ, ನೆರೆಮನೆಯೋಳ ಕೈಲಿ ಎತ್ತಿಸಿಕೊಂಡು, ಬಿಸಾಕಿದೋನು ಅಂತಲೇ ಹೆಸರಿಟ್ಟೆ. ಯಾರಿಗೂ ಬೇಡದ ಕೂಸು ಅಂದ್ಕೊಂಡು ಸಾವು ಮುಂದಕ್ಕೆ ಹೋಯ್ತು. ಈಗ ನೀವು ದೊಡ್ಡ ದೊಡ್ಡ ಹೆಸರು ಸಾರಿಕೊಂಡು ಯುದ್ಧಕ್ಕೆ ಕರ್ಕೊಂಡು ಹೋದ್ರೆ, ಆ ಸಾವಿಗೆ ಇವನ ಗುರುತು ಸಿಕ್ಕಿಬಿಡಲ್ವಾ?"

ಉಸ್ತುವಾರಿಗಳು ಬಾವಿಯೊಳಗೆ ಬಗ್ಗಿ ನೋಡಿ ವಾಪಸಾದರು. ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ:

1. ನಿಷೇಧಾಜ್ಞೆಯನ್ನು ಈ ಮೂಲಕ ಹಿಂಪಡೆಯಲಾಗಿದೆ.

2. ಕೂಗು ಕೇಳಿದಾಗ ಸಭೆಯಲ್ಲಿರುವವರು ಹತ್ತಿರದ ಕಂಬವನ್ನು ನೋಡತಕ್ಕದ್ದು. ಕಂಬ ಸಿಗದ ಕಿರಿಯರು ಹಿರಿಯರ ಬೆನ್ನನ್ನು ನೋಡಬಹುದು. ನಗುವಂತಿಲ್ಲ. ಕೆಮ್ಮಬಹುದು, ಆದರೆ ಎಲ್ಲರೂ ಒಟ್ಟಿಗೆ ಕೆಮ್ಮಿದರೆ ಅದನ್ನು ನಗು ಎಂದೇ ಪರಿಗಣಿಸಲಾಗುವುದು.

3. ದೊರೆಯವರು "ಬಂದೆ ಕಣಮ್ಮಾ" ಎಂದ ಕ್ಷಣದಿಂದ ಬಟ್ಟಲು ಬರಿದಾಗುವವರೆಗೆ ರಾಜ್ಯಭಾರ ಸ್ಥಗಿತಗೊಂಡಿರತಕ್ಕದ್ದು. ಆ ಅವಧಿಯಲ್ಲಿ ತಲೆದಂಡ ವಿಧಿಸಲ್ಪಟ್ಟವರು ಕಾಯತಕ್ಕದ್ದು. ಅವರಿಗೂ ಗಂಜಿ ಕೊಡಲು ಅಡ್ಡಿಯಿಲ್ಲ.

4. ಪರಸ್ಥಳದ ದೂತರು ಬಂದಾಗ ಆ ಹೆಸರು ಬೆಕ್ಕಿನದೆಂದು ತಿಳಿಸತಕ್ಕದ್ದು. ಈ ಬಗ್ಗೆ ಅಡುಗೆಮನೆಯ ಬೂದು ಬೆಕ್ಕನ್ನು ಒಣಮೀನಿನ ಭತ್ಯೆಯೊಂದಿಗೆ ನೇಮಿಸಲಾಗಿದೆ. ಪರೀಕ್ಷಾರ್ಥ ಕೂಗಿದಾಗ ಬೆಕ್ಕು ಬರಲಿಲ್ಲ, ದೊರೆಯವರು ಬಂದರು. ಬೆಕ್ಕಿಗೆ ಎಚ್ಚರಿಕೆ ನೀಡಲಾಗಿದೆ.

5. ದೊರೆಯವರ ಬಾಲ್ಯದ ಹೆಸರಿಗೆ 'ಬಿಸಾಕಿದವನು' ಎಂಬ ಅರ್ಥವೆಂದು ತಿಳಿದಾಗಿನಿಂದ, ಎಡಗಿವಿ ಕೆರೆಯುವುದನ್ನು ಬಿಟ್ಟ ಯೋಧರು 'ಹರಕು ಚಾಪೆ', 'ಒಡಕು ಬೋಗುಣಿ' ಮುಂತಾದ ಹೆಸರುಗಳನ್ನು ಕೋರಿ ಅರ್ಜಿ ಹಾಕುತ್ತಿದ್ದಾರೆ. ಸಗಣಿ ಎಂಬರ್ಥದ 'ಕುಸೊಮಾರು' ಹೆಸರಿಗಂತೂ ನೂಕುನುಗ್ಗಲಾಗಿದೆ. ಇಂಥ ಹೆಸರು ಕೊಡುವ ಅಧಿಕಾರ ಈ ಕಚೇರಿಗಿಲ್ಲ. ಅದು ಕೂಸು ಉಳಿದರೆ ಸಾಕೆಂದು ಅತ್ತ ತಾಯಿಗೆ ಮಾತ್ರ ಇದೆ. ಅರ್ಜಿಗಳನ್ನು ತಿರಸ್ಕರಿಸಲಾಗಿದೆ.

6. ದಂಡು ಹೊರಡುವ ದಿನ ಹೆಬ್ಬಾಗಿಲಲ್ಲಿ ನಗಾರಿ ಬಾರಿಸುವುದನ್ನು ನಿಲ್ಲಿಸತಕ್ಕದ್ದು. ಮಾತೃಶ್ರೀಯವರು ಬಾಯಿತುಂಬ ಕೂಗುವರು. ಕಾಲಾಳುಗಳ ತಾಯಂದಿರೂ ಬಂದು ತಮ್ಮ ತಮ್ಮ ಮಕ್ಕಳನ್ನು ಮನೆಯ ಹೆಸರಿನಿಂದ ಕೂಗಬಹುದು. ಪ್ರತಿಯೊಬ್ಬನೂ "ಹೋಗಿ ಬರ್ತೀನಿ ಕಣಮ್ಮಾ" ಎಂದು ಕೇಳಿಸುವಂತೆ ಉತ್ತರಿಸತಕ್ಕದ್ದು. ಕೇಳಿಸದಿದ್ದವರು ಹಿಂದಿರುಗಿ ಬಂದು ಮತ್ತೊಮ್ಮೆ ಹೇಳಿ ಹೋಗಬೇಕು.

7. ತಾಯಿ ಇಲ್ಲದವರನ್ನು ಮಾತೃಶ್ರೀಯವರೇ ಕೂಗಲು ಒಪ್ಪಿರುತ್ತಾರೆ. ಅಂಥವರು ತಮ್ಮ ಬಾಲ್ಯದ ಹೆಸರನ್ನು ನಾಚಿಕೆಪಡದೆ ಮುಂಚಿತವಾಗಿ ತಿಳಿಸತಕ್ಕದ್ದು. ಒಬ್ಬರು ಈಗಾಗಲೇ ತಿಳಿಸಿರುತ್ತಾರೆ.

ಇದನ್ನು ಓದಿದವರು ಓದಲು ಬಾರದವರಿಗೆ ಹೇಳತಕ್ಕದ್ದು.

(ಸಹಿ)
ಮಿಯಾಸೆ ನೊಬುಹಾರು
ಮುಖ್ಯ ಉಸ್ತುವಾರಿ, ಇವಾನೊ ಕೋಟೆ
ಹೆಬ್ಬಾಗಿಲಲ್ಲಿ ಕೂಗಬೇಕಾದ ಹೆಸರು: ಕುಸೊಮಾರು

ಪ್ರತಿಗಳು:
1. ಹೆಬ್ಬಾಗಿಲ ಕಾವಲಿನವರಿಗೆ.
2. ನಗಾರಿಯವರಿಗೆ, ಕೈ ತಡೆದುಕೊಳ್ಳುವ ಸಲುವಾಗಿ.
3. ಬೂದು ಬೆಕ್ಕಿಗೆ, ಮೀನಿನೊಂದಿಗೆ.
4. ಮಾತೃಶ್ರೀ ಓಫುಜಿಯವರಿಗೆ. ಓದಿ ಹೇಳಲಾಯಿತು. "ಅವನಿಗೂ ಗಂಜಿಗೆ ಬರೋಕೆ ಹೇಳು" ಎಂದರು.