ಎರಡು ಬೀಗದ ತೊಟ್ಟಿಮನೆ

ಹಳೆಯ ಮನೆ ಕೊಳ್ಳಬೇಕೆನ್ನುವ ಆಸೆ ಒಂದು ಬಗೆಯ ಕಾಯಿಲೆ. ಇದು ಹಳೆಯ ಮನೆಯಲ್ಲಿ ಎಂದೂ ಬಾಳದವರಿಗೇ ತಗಲುತ್ತದೆ. ಅಂಥ ಮನೆಯಲ್ಲಿ ಹುಟ್ಟಿ, ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟು, ಗಿಡ್ಡ ಬಾಗಿಲಿಗೆ ಹಣೆ ಚಚ್ಚಿಕೊಂಡು ಬೆಳೆದವರು ಮೊದಲ ಅವಕಾಶಕ್ಕೇ ತಾರಸಿ ಮನೆಯತ್ತ ಓಡುತ್ತಾರೆ. ವಠಾರದಲ್ಲಿ ಹುಟ್ಟಿ ಬಾಡಿಗೆ ಮನೆಗಳಲ್ಲಿ ನರೆತ ನನ್ನಂಥವರು ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಓಡಿ ಬರುತ್ತೇವೆ. ನಡುವೆ ಭೇಟಿಯಾದಾಗ ಇಬ್ಬರಿಗೂ ಎದುರಿಗಿರುವವನ ತಲೆ ನೆಟ್ಟಗಿಲ್ಲ ಅನ್ನಿಸುತ್ತದೆ.

ಆಗ ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಮೊಬೈಲು ಇನ್ನೂ ನಮ್ಮ ಕಡೆಗೆ ಕಾಲಿಟ್ಟಿರಲಿಲ್ಲ. ಎಸ್‌ಟಿಡಿ ಬೂತಿನ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ. ಒಂದು ಭಾನುವಾರ ಸಹೋದ್ಯೋಗಿಯೊಬ್ಬರ ಮನೆಯ ಮದುವೆ ಮುಗಿಸಿಕೊಂಡು ಕೆ.ಆರ್. ನಗರದ ಕಡೆಯಿಂದ ನಾನೂ ನನ್ನ ಹೆಂಡತಿ ವಿಮಲಳೂ ಬರುತ್ತಿದ್ದಾಗ ಸ್ಕೂಟರು ಪಂಕ್ಚರ್ ಆಯಿತು. ಅದನ್ನು ತಳ್ಳಿಕೊಂಡು ನಾಲೆಯ ಏರಿಯ ಮೇಲೆ ನಡೆಯುತ್ತ ಒಂದು ಊರು ಹೊಕ್ಕೆವು. ಊರಿನ ಹೆಸರು ಬೇಡ. ಅಲ್ಲಿಗೆ ನಾನು ಈಗಲೂ ಕಾಫಿಗೆ ಹೋಗುವುದುಂಟು. ಅಲ್ಲೇ ನೋಡಿದ್ದು ಆ ಮನೆಯನ್ನು. ಮುಂದೆ ಉದ್ದ ಜಗಲಿ, ಕೆತ್ತನೆಯ ಕಂಬಗಳು, ಸೊಂಟ ಬಗ್ಗಿದ ಮುದುಕಿಯಂತೆ ನಡುವಿನಲ್ಲಿ ಕುಸಿದ ನಾಡಹೆಂಚಿನ ಮಾಡು, ಮಾಡಿನ ಮೇಲೆ ಹುಲುಸಾಗಿ ಬೆಳೆದ ಒಂದು ಅರಳಿ ಗಿಡ. ನಾನು ಸ್ಕೂಟರು ಬಿಟ್ಟು ನಿಂತೆ. ಸ್ಕೂಟರು ವಿಮಲಳ ಮೇಲೆ ಒರಗಿತು.

"ಮಹಾರಾಜ್ರು ಕಾಕನಕೋಟೆ ಖೆಡ್ಡಾಕ್ಕೆ ಓಗೋವಾಗ ಇದೇ ಜಗಲೀಲಿ ಕೂತು ಮಜ್ಜಿಗೆ ಕುಡುದ್ರಂತೆ ಕಣ್ರೀ," ಎಂದ ಪಂಕ್ಚರ್ ಅಂಗಡಿಯವನು. ಮೈಸೂರಿನಿಂದ ಹೆಗ್ಗಡದೇವನಕೋಟೆಯ ಕಾಡಿನವರೆಗೆ ಹಳೆಯ ಜಗಲಿ ಇರುವ ಪ್ರತಿಯೊಂದು ಮನೆಯಲ್ಲೂ ಮಹಾರಾಜರು ಮಜ್ಜಿಗೆ ಕುಡಿದಿದ್ದಾರೆ. ಅಷ್ಟೂ ನಿಜವಾದರೆ ಅವರಿಗೆ ಆನೆ ಹಿಡಿಯುವುದಕ್ಕೆ ಹೊತ್ತೇ ಸಿಕ್ಕಿರಲಾರದು. ಮನೆಯೂ ದಾರಿಯಿಂದ ಸಾಕಷ್ಟು ಒಳಗಿತ್ತು. ಆದರೆ ಆ ದಿನ ನಾನು ಅದನ್ನು ಅಕ್ಷರಶಃ ನಂಬಿದೆ. ಪ್ರೀತಿಸುವವರು ಹುಡುಗಿಯ ಜಾತಕ ಪರಿಶೀಲಿಸುವುದಿಲ್ಲ.

ಒಳಗೆ ನೋಡಬಹುದೇ ಎಂದು ಕೇಳಿದೆ. ಅವನು ನಕ್ಕು ಬಾಗಿಲ ಕಡೆ ಕೈ ತೋರಿಸಿದ. ಬಾಗಿಲಿಗೆ ಎರಡು ಬೀಗ. "ಒಂದು ಅಣ್ಣ ನಿಂಗೇಗೌಡ್ರದು, ಒಂದು ತಮ್ಮ ಪುಟ್ಟಸ್ವಾಮಿದು. ಜಮೀನೆಲ್ಲಾ ಭಾಗ ಆಯ್ತು, ಇದೊಂದು ಉಳ್ಕತು. ಮಾತಿಲ್ಲ ಕತೆಯಿಲ್ಲ. ನೀವು ಒಳೀಕೆ ಓಗ್ಬೇಕಂದ್ರೆ ಇಬ್ರನ್ನೂ ಒಟ್ಗೆ ಕರ್ಕೊಬರ್ಬೇಕು. ಅದಾಗೋ ಕೆಲ್ಸ ಅಲ್ಲ ಬುಡಿ."

ಅಣ್ಣತಮ್ಮಂದಿರು ಮನೆಯ ಎಡಕ್ಕೊಂದು ಬಲಕ್ಕೊಂದು ತಾರಸಿ ಮನೆ ಕಟ್ಟಿಕೊಂಡಿದ್ದರು. ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ನೀಲಿ. ಜಗಳಕ್ಕೆ ಕಾರಣ ಸ್ನಾನದ ನೀರು ಕಾಯಿಸುವ ಒಂದು ತಾಮ್ರದ ಹಂಡೆ. ನಿಂಗೇಗೌಡರ ಮಗಳ ಮದುವೆಯಲ್ಲಿ ಅದಕ್ಕೊಂದು ನೆಗ್ಗು ಬಿತ್ತು. ನೆಗ್ಗಿಸಿದವನು ತಮ್ಮ ಎಂದು ಅಣ್ಣ, ಅಣ್ಣ ಎಂದು ತಮ್ಮ. ಮದುವೆಯಾದ ಮಗಳಿಗೆ ಮಗು ಹುಟ್ಟಿ ಅದು ಶಾಲೆಗೆ ಹೋಗುತ್ತಿದ್ದರೂ ನೆಗ್ಗು ಮಾತ್ರ ಹಸಿಯಾಗಿಯೇ ಇತ್ತು.

ಕೊಳ್ಳುತ್ತೇನೆಂದು ನಾನು ಹೋಗಿ ಕೇಳಿದಾಗ ಮನೆ ಮಾರುವುದಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಸಂತೋಷದಿಂದ ಒಪ್ಪಿದರು. ತೊಡಕು ಬಂದದ್ದು ತೋರಿಸುವುದರಲ್ಲಿ. ಮುಂದಿನ ಭಾನುವಾರ ನಿಂಗೇಗೌಡರು ಬಂದು ತಮ್ಮ ಬೀಗ ತೆಗೆದು, ತಮ್ಮನ ಮುಖ ನೋಡಬಾರದೆಂದು ಬೇವಿನ ಮರದ ಹಿಂದೆ ನಿಂತರು. ಪುಟ್ಟಸ್ವಾಮಿ ಬಂದವನು ತೆರೆದ ಬೀಗ ಕಂಡು, "ಅವ್ನು ತೆಗೆದ್ಮ್ಯಾಲೆ ನಾನ್ ತೆಗೆದ್ರೆ ಅವ್ನ ಮಾತ್ಗೆ ತೆಗೆದಂಗಾಯ್ತದೆ ಮೇಷ್ಟ್ರೇ. ಮೊದ್ಲು ಅವ್ನು ಆಕ್ಲಿ, ಆಮೇಲೆ ನಾನ್ ತೆಗೀತೀನಿ," ಎಂದ. ಅಣ್ಣ ಬಂದು ಹಾಕಿದರು. ತಮ್ಮ ತೆಗೆದ. ಈಗ ಅಣ್ಣನಿಗೆ ಅದೇ ಆತ್ಮಗೌರವ ಅಡ್ಡ ಬಂತು. ಹೀಗೆ ಮಧ್ಯಾಹ್ನದವರೆಗೆ ಬೀಗಗಳು ಸರದಿಯಂತೆ ತೆರೆದು ಮುಚ್ಚಿದವೇ ಹೊರತು ಬಾಗಿಲು ಅಲುಗಲಿಲ್ಲ. ಕೊನೆಗೆ ನಾನು ಕಿಟಕಿಯ ಸರಳಿನ ಸಂದಿಯಿಂದ ಇಣುಕಿದೆ. ಒಳಗಿನ ತೊಟ್ಟಿಯ ಅರ್ಧ ಕಂಬ ಕಾಣಿಸಿತು. ಅಷ್ಟರಲ್ಲೇ ಇಡೀ ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಹುಣಸೂರಿಗೆ ಬಂದೆ.

ಬಂದವನು ನಕ್ಷೆ ಬರೆಯತೊಡಗಿದೆ. ಪಡಸಾಲೆಯಲ್ಲಿ ಆರಾಮಕುರ್ಚಿ, ತೊಟ್ಟಿಯ ನಡುವೆ ತುಳಸಿ, ಕೊಟ್ಟಿಗೆಯಲ್ಲಿ ನನ್ನ ಪುಸ್ತಕ ಭಂಡಾರ. ವಿಮಲ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಯಾವ ಆಸೆಯನ್ನಾದರೂ ಭಾಗಿಸಿ ಶೇಷ ಎಷ್ಟೆಂದು ನೋಡುವುದು ಅವಳ ಅಭ್ಯಾಸ. "ಅರ್ಧ ಕಂಬ ನೋಡಿ ಇಷ್ಟೆಲ್ಲಾ ಬರೆದಿದ್ದೀರಿ. ನನ್ನನ್ನು ನೋಡೋಕೆ ಬಂದಾಗ ಎದುರಿಗೇ ಕೂತಿದ್ದೆ, ಯೋಚನೆ ಮಾಡಿ ಹೇಳ್ತೀವಿ ಅಂತ ಹೋದಿರಿ," ಎಂದಳು. ನಾನು ನಕ್ಷೆಯ ಕೊಟ್ಟಿಗೆಗೆ ಇನ್ನೊಂದು ಕಿಟಕಿ ಬರೆದೆ.

ಆಮೇಲೆ ಪ್ರತಿ ಭಾನುವಾರ ನಾನು ಹಸಿರು ಮನೆಯಿಂದ ನೀಲಿ ಮನೆಗೆ, ನೀಲಿಯಿಂದ ಹಸಿರಿಗೆ ಮಾತು ಹೊರುವ ಹಮಾಲನಾದೆ. ಮೊದಲ ಸಲ ನಿಂಗೇಗೌಡರು, "ಆ ಕಚಡ ನನ್ಮಗ ಇನ್ನೂ ಬದ್ಕವ್ನಾ ಕೇಳಿ ಮೇಷ್ಟ್ರೇ," ಎಂದರು. ಇದನ್ನು ಹೇಗೆ ತಲುಪಿಸುವುದು? ಎರಡು ಮನೆಗಳ ನಡುವಿನ ಆ ಇಷ್ಟೇ ದಾರಿಯಲ್ಲಿ ಮಾತು ನನ್ನ ಬಾಯೊಳಗೆ ತಾನಾಗಿ ಕರಗಿ, "ನಿಮ್ಮಣ್ಣ ಆರೋಗ್ಯ ವಿಚಾರಿಸಿದರು," ಎಂದಾಯಿತು. ಅರ್ಥ ಹೆಚ್ಚುಕಡಿಮೆ ಅದೇ ಅಲ್ಲವೇ? "ನನ್ನ ಆರೋಗ್ಯ ಕಟ್ಕೊಂಡು ಅವ್ನಿಗೇನು!" ಎಂದು ಪುಟ್ಟಸ್ವಾಮಿ ಗುರುಗುಟ್ಟಿದ. ಆದರೆ ನಾನು ಹೊರಡುವಾಗ ಕಂಬಕ್ಕೆ ಒರಗಿ, ಎತ್ತಲೋ ನೋಡುತ್ತ, "ಅವ್ನಿಗೆ ಮಂಡಿನೋವು ಅಂತಿದ್ರು, ಎಂಗೈತಂತೆ?" ಎಂದು ಕೇಳಿದ. ಅದನ್ನು ಸ್ವಲ್ಪ ದೊಡ್ಡದು ಮಾಡಿ ಅಣ್ಣನಿಗೆ ಮುಟ್ಟಿಸಿದೆ: ನಿಮ್ಮ ತಮ್ಮ ಕಣ್ಣಲ್ಲಿ ನೀರು ತಂದುಕೊಂಡ ಎಂದೆ.

ಒಳ್ಳೆಯ ಮಾತಿನ ರುಚಿ ಕಂಡವನಿಗೆ ಬರಿಗೈಯಲ್ಲಿ ಹೋಗಲು ನಾಚಿಕೆಯಾಗುತ್ತದೆ. ಹುಣಸೂರಿನ ಸಂತೆಯಲ್ಲಿ ಒಂದು ರಸಬಾಳೆ ಗೊನೆ ಕೊಂಡು, ಅಣ್ಣ ಕೊಟ್ಟದ್ದೆಂದು ತಮ್ಮನ ಮನೆಯಲ್ಲಿ ಇಳಿಸಿದೆ. ಅದಕ್ಕೆ ಪ್ರತಿಯಾಗಿ ಅಲ್ಲಿಂದ ಏನೂ ಹೊರಡದೆ ಹೋದಾಗ, ಸ್ಟಾಫ್ ರೂಮಿನವರಿಗೆಂದು ವಿಮಲ ಕರಿದುಕೊಟ್ಟಿದ್ದ ಒಂದು ಡಬ್ಬ ಕೋಡುಬಳೆಯನ್ನು ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ ಕಳಿಸಿದ್ದೆಂದು ನಿಂಗೇಗೌಡರ ಮುಂದಿಟ್ಟೆ. ಅವರು ಒಂದನ್ನು ಮುರಿದು ತಿಂದು ಇನ್ನೊಂದಕ್ಕೆ ಕೈ ಹಾಕಿದರು. ಆಮೇಲೆ, "ಮೇಷ್ಟ್ರೇ, ಕರಾರು ಬರೆಯೋ ದಿವ್ಸ ಇಬ್ರೂ ಒಟ್ಗೆ ಬೀಗ ತೆಗೀತೀವಿ ಅಂತ ಅವ್ನಿಗೆ ಏಳಿ," ಎಂದರು. ನಾನು ಗೆದ್ದೆ. ಕಾಲೇಜಿನಲ್ಲಿ ಒಂದು ಇಡೀ ವಾರ ಮಕ್ಕಳಿಗೆ ಆಸ್ತಿ ಯಾವುದು ಹೊಣೆ ಯಾವುದು ಎಂದು ಅದಲುಬದಲು ಮಾಡಿ ಪಾಠ ಹೇಳಿದೆ.

ಆ ದಿನ ಎರಡು ಬೀಗಗಳೂ ಒಟ್ಟಿಗೆ ಕಳಚಿದವು. ಬಾಗಿಲು ನರಳುತ್ತ ತೆರೆಯಿತು. ಒಳಗೆ ಬಾವಲಿ ವಾಸನೆ, ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ನಡುವೆ ಸಾಲಾಗಿ ನಿಂತ ಕಂಬಗಳು. ಮೇಲಿನಿಂದ ಚೌಕಾಕಾರವಾಗಿ ಬಿಸಿಲು ಇಳಿದಿತ್ತು. ನಾನು ಕಲ್ಪಿಸಿಕೊಂಡಿದ್ದಕ್ಕಿಂತ ಅದು ಚೆನ್ನಾಗಿತ್ತು. ಅಣ್ಣತಮ್ಮಂದಿರು ಮಾತ್ರ ನೇರ ಬಚ್ಚಲ ಮನೆಗೆ ಹೋದರು. ಹಂಡೆ ಅಲ್ಲೇ ಕಿಲುಬು ಹಿಡಿದು ಕೂತಿತ್ತು. ಇಬ್ಬರೂ ಬಗ್ಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲೈತ್ಲಾ ಆ ನೆಗ್ಗು?" ಎಂದರು ನಿಂಗೇಗೌಡರು. ಜಗಳವಾದ ಮೇಲೆ ಅವರು ತಮ್ಮನೊಡನೆ ಆಡಿದ ಮೊದಲ ಮಾತು ಅದು.

"ಈ ಕಡೀಕಿರ್ಬೇಕಿತ್ತು ಕಣಣ್ಣೋ."

"ಇಲ್ವಲ್ಲೋ."

ಕಿಲುಬನ್ನು ಹುಣಿಸೆಹಣ್ಣಿನಿಂದ ಉಜ್ಜಿ ನೋಡೋಣವೆಂದು ಒಬ್ಬರು, ಅವ್ವ ಹಾಗೇ ಅಲ್ಲವೇ ಉಜ್ಜುತ್ತಿದ್ದದ್ದು ಎಂದು ಇನ್ನೊಬ್ಬರು. ಅಲ್ಲಿಂದ ಮಾತು ಅವ್ವನಿಗೆ, ಅವ್ವನ ಬಾರುಕೋಲಿಗೆ, ಬಾರುಕೋಲಿಗೆ ಹೆದರಿ ಇಬ್ಬರೂ ಅಡಗುತ್ತಿದ್ದ ಅಟ್ಟಕ್ಕೆ ಹತ್ತಿತು. ಐವತ್ತು ದಾಟಿದ ಇಬ್ಬರು ಗಂಡಸರು ಅಟ್ಟದ ಏಣಿ ಹತ್ತುವುದನ್ನು ನಾನು ಕೆಳಗೆ ನಿಂತು ನೋಡಿದೆ. ಮಂಡಿನೋವಿನವರೇ ಮುಂದಿದ್ದರು. ಕರಾರಿಗೆಂದು ನಾನು ತಂದಿದ್ದ ಪೆನ್ನು ಜೇಬಿನಲ್ಲಿ ಸೋರಿ ಅಂಗಿ ನೀಲಿಯಾದದ್ದು ಮನೆಗೆ ಬಂದ ಮೇಲೆಯೇ ತಿಳಿದದ್ದು. ಕೆಳಗಿಳಿದು ಬಂದ ನಿಂಗೇಗೌಡರು ಮೈಮೇಲಿನ ಜೇಡರ ಬಲೆ ಕೊಡವಿಕೊಳ್ಳುತ್ತ, "ತೆಪ್ಪು ತಿಳ್ಕಬ್ಯಾಡಿ ಮೇಷ್ಟ್ರೇ. ಮನೆ ಮಾರಾಕಿಲ್ಲ. ನಾವೇ ಸರಿ ಮಾಡ್ಕತೀವಿ," ಎಂದರು. ಕೊಟ್ಟಿಗೆಯಲ್ಲಿ ಆಗಲೇ ಜೋಡಿಸಿಟ್ಟಿದ್ದ ನನ್ನ ಪುಸ್ತಕ ಭಂಡಾರ ಕುಸಿಯಿತು. "ನೀವ್ ಬರೆದು ತೋರ್ಸಿದ್ರಲ್ಲ ನಕ್ಸೆ, ಅದ್ನ ಕೊಟ್ಟೋಗಿ," ಎಂದು ಪುಟ್ಟಸ್ವಾಮಿ ಸೇರಿಸಿದ. ಕೊಟ್ಟು ಬಂದೆ.

ಮರುವರ್ಷ ಗೃಹಪ್ರವೇಶಕ್ಕೆ ಕರೆದರು. ವಿಮಲಳೊಡನೆ ಹೋದೆ. ಮಾಡು ನೆಟ್ಟಗಾಗಿತ್ತು, ಅರಳಿ ಗಿಡ ಹೋಗಿತ್ತು. ಕೆತ್ತನೆಯ ಕಂಬಗಳಿಗೆಲ್ಲ ಮೆರೂನ್ ಬಣ್ಣದ ಆಯಿಲ್ ಪೇಂಟು ಬಳಿದಿದ್ದರು. ಮಳೆ ಬೀಳದಿರಲೆಂದು ತೊಟ್ಟಿಯ ಮೇಲೆ ಹಸಿರು ಪ್ಲಾಸ್ಟಿಕ್ ಶೀಟು ಹೊದಿಸಿದ್ದರಿಂದ ಕೆಳಗಿದ್ದ ನೆಂಟರೆಲ್ಲ ಹೊಗೆಸೊಪ್ಪಿನ ಸಸಿಗಳಂತೆ ಹಸಿರಾಗಿ ಕಾಣುತ್ತಿದ್ದರು. "ಎಂಗೈತೆ ಮೇಷ್ಟ್ರೇ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಅವರ ಮುಖ ನೋಡಿ, "ಅರಮನೆ ಹಾಗಿದೆ," ಎಂದೆ.

ಊಟಕ್ಕೆ ಕೂತಾಗ ಕೆಡುಕು ಬಂತು. ಬಡಿಸುತ್ತಿದ್ದ ಜಯಮ್ಮನಿಗೆ ನಿಂಗೇಗೌಡರು, "ಆವತ್ತು ಕಳ್ಸಿದ್ಯಲ್ಲ ಕೋಡುಬಳೆ, ಅಂಥವು ಮಾಡ್ನಿಲ್ವೇನವ್ವಾ?" ಎಂದರು.

"ನಾನ್ಯಾವತ್ತು ಕೋಡುಬಳೆ ಕಳ್ಸಿದ್ದೆ ಭಾವ? ನೀವ್ ಕಳ್ಸಿದ್ದ ಬಾಳೆಗೊನೆ ನಾವ್ ತಿಂದಿದ್ದು."

"ಬಾಳೆಗೊನೆಯಾ? ನಾನಾ?"

ನಾನು ಎಲೆಯಲ್ಲಿದ್ದ ಉಪ್ಪನ್ನು ಬಹಳ ಗಮನವಿಟ್ಟು ನೋಡುತ್ತಿದ್ದೆ. ಪಕ್ಕದಲ್ಲಿದ್ದ ವಿಮಲ ಮೆಲ್ಲಗೆ, "ರೀ, ಆ ಡಬ್ಬ ಸ್ಟಾಫ್ ರೂಮಿನಲ್ಲಿ ಖಾಲಿಯಾಯ್ತು ಅಂದಿದ್ರಲ್ಲ?" ಎಂದಳು. ಮೆಲ್ಲಗೆ ಎಂದರೆ ಅವಳ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಷ್ಟು.

ಅಣ್ಣತಮ್ಮಂದಿರು ಎದ್ದು ಕೈ ತೊಳೆದು, ಕಂಬದ ಮರೆಯಲ್ಲಿ ತಲೆಗೆ ತಲೆ ಕೊಟ್ಟು ಏನೋ ಮಾತಾಡಿಕೊಂಡರು. ನಾನು ಸ್ಕೂಟರಿನ ಕೀಲಿ ತಡವಿಕೊಂಡೆ. ಇಬ್ಬರೂ ಗಂಭೀರವಾಗಿ ಬಂದು ನನ್ನ ಎದುರು ಕೂತರು.

"ಮೇಷ್ಟ್ರೇ, ಆದದ್ದಾಯ್ತು, ಅದ್ರ ಮಾತು ಬುಡಿ," ಎಂದರು ನಿಂಗೇಗೌಡರು. "ಪಿರಿಯಾಪಟ್ಟಣದ ತಾವ ನಮ್ಮ ಬೀಗ್ರು ಅವ್ರೆ. ಮೂರು ಜನ ಅಣ್ಣತಮ್ಮಂದ್ರು, ಮೂರು ದಿಕ್ಕು. ಹಳೇ ಮನೆಯೊಂದು ಪಾಳು ಬಿದ್ದೈತೆ. ನೀವೊಂದ್ಸಲ ಓಗಿ ಕೇಳ್ಬೇಕಲ್ಲ."

"ಕೇಳಿದರೆ ಕೊಡುತ್ತಾರಾ?" ಎಂದೆ.

"ಕೊಡ್ದೇ ಇರ್ಲಿ ಅಂತಲೇ ಅಲ್ವಾ ನಿಮ್ಮನ್ನ ಕಳ್ಸೋದು!" ಎಂದ ಪುಟ್ಟಸ್ವಾಮಿ. "ಸುಮ್ನೆ ಕೊಂಡ್ಕಳೋರಂಗೆ ಓಡಾಡ್ತಿರಿ ಸಾಕು. ನೀವ್ ಆಸೆ ಪಟ್ಟ ಮನೆ ಯಾವತ್ತೂ ಮನೆಯೋರ ಕೈ ಬಿಟ್ಟೋಗಾಕಿಲ್ಲ ಕಣಿ, ಅವ್ರಿಗೇ ಉಳ್ಕತದೆ."

ಇಡೀ ಪಂಕ್ತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ಸ್ವಾಭಿಮಾನವಿರುವ ಯಾವ ಮನುಷ್ಯನಾದರೂ ಅಲ್ಲಿಂದ ಎದ್ದು ಬರಬೇಕಾಗಿತ್ತು. ಎದ್ದೂ ಇದ್ದೆ. ಚಪ್ಪಲಿಯಲ್ಲಿ ಕಾಲೂ ತೂರಿಸಿದ್ದೆ. ಆಗ ನನ್ನ ಬಾಯಿಂದ ಒಂದು ಪ್ರಶ್ನೆ ಹೊರಬಿತ್ತು:

"ಆ ಮನೆಯ ಕಂಬಗಳಿಗೆ ಇನ್ನೂ ಯಾರೂ ಬಣ್ಣ ಬಳಿದಿಲ್ಲ ತಾನೆ?"